ಗಾಳ ಹಿಡಿದವರ ನೆನಪು

ಕಲಬುರಗಿಯಿಂದ ಹುಮನಾಬಾದಿನ ದಾರಿ ಹಿಡಿದರೆ ಕಮಲಾಪುರ ಬರುತ್ತದೆ. ಹುಮನಾಬಾದು ಮುಟ್ಟಿ ಪಶ್ಚಿಮಕ್ಕೆ ತಿರುಗಿದರೆ ಬಸವಕಲ್ಯಾಣ. ಹನ್ನೆರಡನೆಯ ಶತಮಾನದಲ್ಲಿ ಚಾಲುಕ್ಯರ ರಾಜಧಾನಿಯಾಗಿದ್ದ ಊರು ಇದು. 1126ರಿಂದ 1138ರವರೆಗೆ ಆಳಿದ ಮೂರನೆಯ ಸೋಮೇಶ್ವರನ ‘ಮಾನಸೋಲ್ಲಾಸ’ ಎಂಬ ಸಂಸ್ಕೃತ ಗ್ರಂಥದಲ್ಲಿ ಅಡುಗೆ, ಔಷಧ, ಆನೆ, ಸಂಗೀತ ಎಲ್ಲದಕ್ಕೂ ಜಾಗವಿದೆ. ಅದರ ಒಂದು ಅಧ್ಯಾಯ ‘ಮತ್ಸ್ಯವಿನೋದ’. ಸಂತೋಷಕ್ಕಾಗಿ ಗಾಳ ಹಾಕುವುದು ಹೇಗೆ, ಯಾವ ಮೀನಿಗೆ ಯಾವ ತಿನಿಸು ಕೊಡಬೇಕು, ದಾರ ಮತ್ತು ಕೋಲು ಹೇಗಿರಬೇಕು ಎಂಬುದನ್ನು ಅದು ಹೇಳುತ್ತದೆ. ಮೂವತ್ತೈದು ಬಗೆಯ ಮೀನುಗಳನ್ನು ಹೆಸರಿಸಿ, ಸಮುದ್ರದವು ಯಾವುವು, ಸಿಹಿನೀರಿನವು ಯಾವುವು, ಹುರುಪೆ ಇರುವವು ಯಾವುವು, ಇಲ್ಲದವು ಯಾವುವು ಎಂದು ವಿಂಗಡಿಸುತ್ತದೆ. ಭಾರತೀಯ ಪ್ರಾಣಿ ಸರ್ವೇಕ್ಷಣಾ ಸಂಸ್ಥೆಯ ನಿರ್ದೇಶಕರಾಗಿದ್ದ ಸುಂದರ್‌ಲಾಲ್ ಹೋರಾ 1951ರಲ್ಲಿ ಈ ಅಧ್ಯಾಯವನ್ನು ಮೀನುವಿಜ್ಞಾನಿಯಾಗಿ ಓದಿ ಪ್ರಕಟಿಸಿದ ಮೇಲೆ ಅದು ಹೊರಗಿನ ವಿದ್ವಾಂಸರ ಗಮನಕ್ಕೆ ಬಂತು.

ನಮ್ಮ ಭಾಗವನ್ನು ಬರದ ಸೀಮೆ, ಬಿಸಿಲ ಸೀಮೆ ಎಂದೇ ಎಲ್ಲರೂ ಪರಿಚಯಿಸುತ್ತಾರೆ. ಗಾಳದ ಆಟಕ್ಕೆ ಒಂದು ಅಧ್ಯಾಯವನ್ನೇ ಮೀಸಲಿಟ್ಟ ಪುಸ್ತಕ ಹುಟ್ಟಿದ್ದು ಇದೇ ಸೀಮೆಯಲ್ಲಿ. ಅದೇ ಶತಮಾನದಲ್ಲಿ ಕಲ್ಯಾಣದ ಶರಣರ ಜೊತೆಗಿದ್ದ ವಚನಕಾರ ಅಂಬಿಗರ ಚೌಡಯ್ಯ ದೋಣಿ ನಡೆಸುವ ಕಾಯಕದವನು. ಇಲ್ಲಿ ನೀರಿತ್ತು, ನೀರನ್ನು ಬಲ್ಲ ಜನರಿದ್ದರು. ಅರಸನ ಆಟ ಅರಸನ ಜೊತೆಗೇ ಮುಗಿಯಲಿಲ್ಲ. ಹಳ್ಳದ ದಂಡೆಯ ಹುಡುಗರು, ಹೊಲದ ಕೆಲಸ ಮುಗಿಸಿದ ಗಂಡಸರು, ರಜೆಗೆ ಊರಿಗೆ ಬಂದ ನೌಕರರು ಅದನ್ನು ತೀರ ಮೊನ್ನೆ ಮೊನ್ನೆಯವರೆಗೂ ಆಡಿದರು. ಬಿದಿರಿನ ಗಳ, ನೈಲಾನ್ ದಾರ, ಜೋಳದ ದಂಟಿನ ಬೆಂಡು, ತಿಪ್ಪೆ ಕೆದರಿ ತೆಗೆದ ಎರೆಹುಳ. ಮುರ್ಲ ಮೀನು ಬೇಕಾದರೆ ಸಣ್ಣ ಕಪ್ಪೆ. ಇಷ್ಟಿದ್ದರೆ ಒಂದು ಸಂಜೆಗೆ ಮತ್ತೇನೂ ಬೇಕಿರಲಿಲ್ಲ.

ಈಗ ಆ ವಯಸ್ಸು ದಾಟಿದವರನ್ನು ಕಮಲಾಪುರದ ಕಡೆ, ಮಹಾಗಾಂವದ ಕಡೆ ಮಾತಿಗೆಳೆದರೆ ಒಂದೇ ಧಾಟಿಯ ಉತ್ತರ ಬರುತ್ತದೆ. “ಮಿರಗದ ಮಳಿ ಬಿದ್ದು ಹಳ್ಳ ಬಂತಂದ್ರ ಮುರ್ಲ ಹೊಲದಾಗೇ ಸಿಗತಿದ್ವುರಿ. ಈಗ ಹಳ್ಳಾನೇ ಬರಂಗಿಲ್ಲ, ಮೀನೆಲ್ಲಿಂದ ಬರಬೇಕು?” ಬಾಳಿಮೀನು ಒಂದು ಆಳುದ್ದ ಇತ್ತು ಎನ್ನುವವರಿದ್ದಾರೆ. ಹಾವುಮೀನು ಕಲ್ಲಿನ ಸಂದಿಯಲ್ಲಿ ಕೈಗೇ ಸಿಗುತ್ತಿತ್ತು ಎನ್ನುವವರಿದ್ದಾರೆ. ಇದನ್ನು ಮುತ್ಯಾರ ಕತೆ ಎಂದು ತಳ್ಳಿಹಾಕುವುದು ಸುಲಭ, ಕಣ್ಣುಮುಚ್ಚಿ ನಂಬುವುದೂ ಅಷ್ಟೇ ಸುಲಭ. ಎರಡೂ ವಿಜ್ಞಾನದ ದಾರಿಯಲ್ಲ. ಈ ನೆನಪು ಒಂದು ಮಾಹಿತಿ. ಅದನ್ನು ಓದುವ ಕ್ರಮವನ್ನು ಕಲಿಯಬೇಕು, ಅಷ್ಟೇ. ಜಗತ್ತಿನ ಬೇರೆ ಕಡೆ ಇದೇ ಬಗೆಯ ನೆನಪುಗಳಿಗೆ ಏನಾಯಿತು ಎಂಬುದನ್ನು ಮೊದಲು ನೋಡೋಣ.

ಅಮೆರಿಕದ ಈಶಾನ್ಯ ಕರಾವಳಿಯಲ್ಲಿ ವಿಂಟರ್ ಫ್ಲೌಂಡರ್ ಎಂಬ ಚಪ್ಪಟೆ ಮೀನಿದೆ, ನಮ್ಮ ಮಂಗಳೂರಿನ ನಂಗು ಮೀನಿನ ದೂರದ ಬಂಧು. ಕೊರೆಯುವ ನೀರಿನಲ್ಲಿ ರಕ್ತ ಹಿಮಗಟ್ಟದಂತೆ ತಡೆಯುವ ಪ್ರೋಟೀನು ಅದರ ಮೈಯಲ್ಲಿದೆ. ಬೇರೆ ಮೀನುಗಳು ಆಳಕ್ಕೆ ಸರಿಯುವ ಚಳಿಗಾಲದಲ್ಲಿ ಇದು ಕೊಲ್ಲಿಗಳಿಗೆ, ಅಳಿವೆಗಳಿಗೆ ಬಂದು ತಳದ ಮರಳಿಗೆ ಅಂಟುವ ಮೊಟ್ಟೆ ಇಡುತ್ತದೆ. ಹಿಮ ಕರಗುತ್ತಿದ್ದಂತೆ ದಡದಲ್ಲೋ ಪುಟ್ಟ ದೋಣಿಯಲ್ಲೋ ಕುಳಿತು ಈ ಮೀನಿಗೆ ಗಾಳ ಹಾಕುವುದು ಅಲ್ಲಿನ ಸಾವಿರಾರು ಕುಟುಂಬಗಳಿಗೆ ವರ್ಷದ ಮೊದಲ ಹಬ್ಬವಾಗಿತ್ತು. 1980ರ ದಶಕದ ನಂತರ ಮೀನು ಕುಸಿಯಿತು. ಹಳಬರ ಹಳಹಳಿಕೆ ಅಲ್ಲಿಯೂ ಶುರುವಾಯಿತು, ಆದರೆ ಅಲ್ಲಿ ಅದರ ಪಕ್ಕದಲ್ಲಿ ಇಡಲು ಇನ್ನೊಂದು ದಾಖಲೆ ಇತ್ತು. ನ್ಯಾರಗ್ಯಾನ್ಸೆಟ್ ಕೊಲ್ಲಿಯಲ್ಲಿ ರೋಡ್ ಐಲೆಂಡ್ ವಿಶ್ವವಿದ್ಯಾಲಯದವರು 1959ರಿಂದ ವಾರಕ್ಕೊಮ್ಮೆ ಅವೇ ಎರಡು ಜಾಗಗಳಲ್ಲಿ ಬಲೆ ಎಳೆದು ಬಂದದ್ದನ್ನೆಲ್ಲ ಎಣಿಸಿ ಬರೆಯುತ್ತಾ ಬಂದಿದ್ದಾರೆ. ಆ ಲೆಕ್ಕ ಹಳಬರ ಮಾತನ್ನು ಎತ್ತಿಹಿಡಿಯಿತು. ಕಾರಣವನ್ನೂ ತೋರಿಸಿತು. ದೊಡ್ಡ ಬಲೆಗಳು ಮಿತಿಮೀರಿ ಹಿಡಿದದ್ದು ಒಂದು ಕಡೆ. ಇನ್ನೊಂದು ಕಡೆ ಚಳಿಗಾಲವೇ ಬೆಚ್ಚಗಾಯಿತು. ಹಿಂದೆ ಚಳಿಗೆ ಜಡವಾಗಿರುತ್ತಿದ್ದ ಮರಳು ಸೀಗಡಿಗಳು ಈಗ ಚುರುಕಾಗಿದ್ದು ಫ್ಲೌಂಡರಿನ ಮೊಟ್ಟೆಮರಿಗಳನ್ನು ತಿನ್ನುತ್ತವೆ. ಹಿಡಿಯುವುದನ್ನು ತೀರ ಇಳಿಸಿದ ಮೇಲೂ ಮೀನು ಹಿಂದಿನ ಮಟ್ಟಕ್ಕೆ ಬಂದಿಲ್ಲ.

ನೆನಪಿಗೆ ಇನ್ನೊಂದು ತೊಡಕೂ ಇದೆ. 1995ರಲ್ಲಿ ಡೇನಿಯಲ್ ಪಾಲಿ ಎಂಬ ಮೀನುಗಾರಿಕಾ ವಿಜ್ಞಾನಿ ಅದನ್ನು ಸ್ಪಷ್ಟವಾಗಿ ಹೇಳಿದರು. ಪ್ರತಿ ತಲೆಮಾರೂ ತಾನು ಚಿಕ್ಕಂದಿನಲ್ಲಿ ಕಂಡದ್ದನ್ನೇ ಸಹಜ ಸ್ಥಿತಿ ಎಂದುಕೊಳ್ಳುತ್ತದೆ, ಮುಂದಿನ ನಷ್ಟವನ್ನೆಲ್ಲ ಅಲ್ಲಿಂದಲೇ ಅಳೆಯುತ್ತದೆ. ಅಜ್ಜನ ಕಾಲಕ್ಕೆ ಕಳೆದುಹೋದದ್ದು ಮೊಮ್ಮಗನ ಲೆಕ್ಕಕ್ಕೆ ಬರುವುದೇ ಇಲ್ಲ. ಇದಕ್ಕೆ ಕಣ್ಣಿಗೆ ಕಟ್ಟುವ ಪುರಾವೆ ಕೊಟ್ಟವರು ಲೋರೆನ್ ಮೆಕ್ಲೆನಕನ್. ಫ್ಲಾರಿಡಾದ ಕೀ ವೆಸ್ಟ್‌ನಲ್ಲಿ ಹವ್ಯಾಸಿಗಳು ದಿನದ ಕೊನೆಗೆ ತಾವು ಹಿಡಿದ ಮೀನನ್ನು ತೂಗುಹಾಕಿ ಫೋಟೋ ತೆಗೆಸಿಕೊಳ್ಳುತ್ತಿದ್ದರು. 1956ರಿಂದ 2007ರವರೆಗಿನ ಅಂಥ ಫೋಟೋಗಳನ್ನು ಅಳೆದಾಗ ಮೀನಿನ ಸರಾಸರಿ ತೂಕ 19.9 ಕಿಲೋದಿಂದ 2.3 ಕಿಲೋಗೆ ಇಳಿದಿರುವುದು ತಿಳಿಯಿತು. ಫೋಟೋದಲ್ಲಿರುವ ಮುಖಗಳ ನಗು ಮಾತ್ರ ಎರಡೂ ಕಾಲಕ್ಕೆ ಒಂದೇ.

ನಮ್ಮ ರಾಜ್ಯದಲ್ಲೇ ಇದಕ್ಕಿಂತ ಸೂಕ್ಷ್ಮವಾದ ಪಾಠವೊಂದಿದೆ, ಅದರ ಬೇರು ನಮ್ಮ ಭೀಮೆಯ ಕಡೆಗೂ ಚಾಚಿದೆ. ಕಾವೇರಿ ದಂಡೆಯ ಗಾಲಿಬೋರೆಯಲ್ಲಿ ಮಹಸೀರ್ ಮೀನಿಗೆ ಗಾಳ ಹಾಕಿ, ಸಿಕ್ಕಿದ್ದನ್ನು ತೂಗಿ, ಮತ್ತೆ ನೀರಿಗೇ ಬಿಡುವ ಶಿಬಿರವಿತ್ತು. ಅಲ್ಲಿನ ದಿನಚರಿ ಪುಸ್ತಕಗಳಲ್ಲಿ 1998ರಿಂದ 2012ರವರೆಗೆ 23,620 ಗಂಟೆಗಳ ಗಾಳದಾಟ ಮತ್ತು 6,161 ಮಹಸೀರ್‌ಗಳ ಲೆಕ್ಕ ಉಳಿದಿತ್ತು. ಏಡ್ರಿಯನ್ ಪಿಂಡರ್, ರಾಜೀವ್ ರಾಘವನ್ ಮತ್ತು ಜೊತೆಗಾರರು ಅದನ್ನು ಬಿಡಿಸಿ ಓದಿ 2015ರಲ್ಲಿ ಪ್ರಕಟಿಸಿದರು. ಸಿಗುವ ಮೀನಿನ ಸಂಖ್ಯೆ ವರ್ಷದಿಂದ ವರ್ಷಕ್ಕೆ ಏರಿತ್ತು. ಮೇಲುನೋಟಕ್ಕೆ ನದಿ ಸುಖವಾಗಿತ್ತು. ಆದರೆ ಮೀನಿನ ಗಾತ್ರ ಇಳಿಯುತ್ತಿತ್ತು, ಕಾವೇರಿಯದೇ ಆದ ಗೂನುಬೆನ್ನಿನ ಹೊಂಬಣ್ಣದ ಮಹಸೀರ್ ಪುಸ್ತಕದಿಂದ ಮೆಲ್ಲಗೆ ಕಾಣೆಯಾಗುತ್ತಿತ್ತು. ಅದರ ಜಾಗ ತುಂಬುತ್ತಿದ್ದುದು ನೀಲಿ ರೆಕ್ಕೆಯ ಮಹಸೀರ್, ಟಾರ್ ಖುದ್ರಿ. 1830ರ ದಶಕದಲ್ಲಿ ದಖ್ಖನಿನ ಮೀನುಗಳನ್ನು ಚಿತ್ರ ಸಮೇತ ವರ್ಣಿಸಿದ ಕರ್ನಲ್ ಸೈಕ್ಸ್, ಪುಣೆಯ ಬಳಿ ಭೀಮೆಯ ಉಪನದಿ ಮುಳಾ–ಮುಠಾದಲ್ಲಿ ಕಂಡು ಹೆಸರಿಟ್ಟ ಮೀನು ಅದು. ಲೋಣಾವಳದ ಟಾಟಾ ಮರಿಕೇಂದ್ರದಲ್ಲಿ ಅದನ್ನು ಬೆಳೆಸಿ, ಒಳ್ಳೆಯ ಉದ್ದೇಶದಿಂದಲೇ ದೇಶದ ಹಲವು ನದಿಗಳಿಗೆ ಬಿಟ್ಟರು. ಕಾವೇರಿಯ ಗೂನುಬೆನ್ನಿನ ಮಹಸೀರ್ 2018ರಲ್ಲಿ ಅಳಿವಿನ ಕೊನೆಯ ಅಂಚಿನ ಪಟ್ಟಿಗೆ ಸೇರಿತು.

ಈ ಕತೆಯನ್ನು ತಲೆಯಲ್ಲಿಟ್ಟುಕೊಂಡು ಕಲಬುರಗಿಯ ನೀರಿಗೆ ಮರಳಿದರೆ ಹಳಬರ ಮಾತಿನ ಅರ್ಥ ತಿಳಿಯಾಗುತ್ತದೆ. ಏಕೆಂದರೆ “ಈಗ ಮೀನೇ ಇಲ್ಲ” ಎನ್ನುವುದನ್ನು ಕಿಲೋ ಲೆಕ್ಕದಲ್ಲಿ ಒಪ್ಪುವುದು ಕಷ್ಟ. ಹೇರೂರಿನ ಬಳಿ ಬೆಣ್ಣೆತೊರಾ ಜಲಾಶಯವಿದೆ, ಬೆಳಕೋಟದ ಬಳಿ ಗಂಡೋರಿ ನಾಲಾ ಜಲಾಶಯವಿದೆ. ಇಷ್ಟು ವಿಸ್ತಾರದ ನಿಂತ ನೀರು ಮುತ್ಯಾರ ಕಾಲಕ್ಕೆ ಇಲ್ಲಿರಲಿಲ್ಲ. 1957ರ ಜುಲೈ 10ರಂದು ಹೀರಾಲಾಲ್ ಚೌಧುರಿ ಒಡಿಶಾದಲ್ಲಿ ಪಿಟ್ಯೂಟರಿ ಗ್ರಂಥಿಯ ರಸ ಚುಚ್ಚಿ ಗೆಂಡೆ ಜಾತಿಯ ಮೀನುಗಳಿಂದ ಮೊಟ್ಟೆ ಇಡಿಸಿದರು. ಅಲ್ಲಿಂದ ಮುಂದೆ ಗಂಗೆಯ ಕಾಟ್ಲಾ, ರೋಹು, ಮೃಗಾಲ್ ಮರಿಗಳು ಬೇಕೆಂದಾಗ ಸಿಗುವಂತಾದವು. ಕರ್ನಾಟಕದ ಕೆರೆ, ಜಲಾಶಯಗಳಿಗೆ ಮೀನುಗಾರಿಕೆ ಇಲಾಖೆ, ಸಹಕಾರ ಸಂಘ, ಗುತ್ತಿಗೆದಾರರು ಬಿತ್ತುವುದು ಬಹುಪಾಲು ಇವನ್ನೇ. ಎಷ್ಟೋ ಮನೆಗಳ ಊಟ, ಎಷ್ಟೋ ಕಬ್ಬಲಿಗ ಕುಟುಂಬಗಳ ದುಡಿಮೆ ಇದರ ಮೇಲೆ ನಿಂತಿದೆ. ಅದನ್ನು ನಾನು ಕಡೆಗಣಿಸಲಾರೆ. ಗಾಳದವರು ಕಳೆದುಕೊಂಡದ್ದು ಬೇರೆ: ಒಂದು ಜಾತಿಯ ಮೀನು ಮತ್ತು ಅದು ಬಾಳುತ್ತಿದ್ದ ಒಂದು ಬಗೆಯ ನೀರು.

ಆ ಮೀನು ಮುರ್ಲ. ಕೆಲವು ಕಡೆ ಕೊರವ, ತೆಲಂಗಾಣದಲ್ಲಿ ಕೊರಮೀನು. ಅಲ್ಲಿ 2016ರಲ್ಲಿ ಅದನ್ನು ರಾಜ್ಯದ ಮೀನೆಂದು ಘೋಷಿಸಿದ್ದಾರೆ. ಹಾವಿನಂಥ ತಲೆ, ಉರುಟಾದ ಮೈ, ಉದ್ದಕ್ಕೂ ಚಾಚಿದ ಬೆನ್ನ ರೆಕ್ಕೆ. ಬೇರೆ ಮೀನಿಗೆ ಕಿವಿರು ಸಾಕು, ಮುರ್ಲಕ್ಕೆ ಸಾಲದು. ಕಿವಿರಿನ ಮೇಲ್ಭಾಗದಲ್ಲಿ ಗಾಳಿ ಹಿಡಿದಿಡುವ ಮಡಿಕೆಗಳ ಕೋಣೆಯಿದೆ. ಆಗಾಗ ಮೇಲೆ ಬಂದು ಬಾಯಿ ತೆರೆದು ಗಾಳಿ ತೆಗೆದುಕೊಳ್ಳಲೇಬೇಕು. ಬಲೆಯಲ್ಲಿ ಸಿಕ್ಕಿ ಮೇಲೆ ಬರಲಾಗದಿದ್ದರೆ ನೀರೊಳಗೇ ಉಸಿರುಗಟ್ಟಿ ಸಾಯುತ್ತದೆ. ನಮ್ಮ ಬೇಸಿಗೆಗೆ ಹೇಳಿ ಮಾಡಿಸಿದ ಮೈ ಇದು. ನೀರು 20 ಡಿಗ್ರಿ ಇದ್ದಾಗ ಲೀಟರಿಗೆ ಸುಮಾರು 9 ಮಿಲಿಗ್ರಾಂ ಆಮ್ಲಜನಕ ಕರಗಿರಬಲ್ಲದು, 30 ಡಿಗ್ರಿಗೆ ಅದು ಏಳೂವರೆಗೆ ಇಳಿಯುತ್ತದೆ. ಮೀನು ತಣ್ಣೆತ್ತರಿನ ಪ್ರಾಣಿಯಾದ್ದರಿಂದ ಅದೇ ಹತ್ತು ಡಿಗ್ರಿ ಏರಿಕೆಗೆ ಅದರ ಮೈಯ ಆಮ್ಲಜನಕದ ಬೇಡಿಕೆ ಹೆಚ್ಚುಕಡಿಮೆ ದುಪ್ಪಟ್ಟಾಗುತ್ತದೆ. ಮೇ ತಿಂಗಳ ಮಡುವಿನಲ್ಲಿ ಬೇರೆ ಮೀನುಗಳು ಈ ಎರಡು ಏಟಿಗೆ ಸೋಲುತ್ತವೆ. ಮುರ್ಲ ಗಾಳಿ ಕುಡಿದು ಬದುಕುತ್ತದೆ. ನೀರು ಪೂರಾ ಬತ್ತಿದರೆ ಹಸಿ ಕೆಸರಿನಲ್ಲಿ ಹೂತುಕೊಂಡು ಮಳೆಗೆ ಕಾಯುತ್ತದೆ.

ಹೊಸ ನೀರು ಬಂದಾಗ ಅದು ಮೊಣಕಾಲುದ್ದದ, ಹುಲ್ಲು ಜೊಂಡು ಇರುವ ಅಂಚಿಗೆ ಹೋಗುತ್ತದೆ. ಜೋಡಿಯಾಗಿ ಜೊಂಡಿನ ನಡುವೆ ಒಂದಿಷ್ಟು ಜಾಗ ಬಿಡಿಸಿಕೊಂಡು ಮೊಟ್ಟೆ ಇಡುತ್ತವೆ. ಎಣ್ಣೆಯ ಹನಿ ತುಂಬಿದ ಮೊಟ್ಟೆ ನೀರಿನ ಮೇಲೆ ತೇಲುತ್ತದೆ. ಒಂದೆರಡು ದಿನದಲ್ಲಿ ಮರಿ ಹೊರಬರುತ್ತದೆ. ಮುಂದೆ ಕೆಂಪು ಕಿತ್ತಳೆ ಬಣ್ಣದ ಮರಿಗಳ ಹಿಂಡು ನೀರ ಮೇಲೆ ಕುದಿಯುವಂತೆ ಚಲಿಸುತ್ತದೆ, ಕೆಳಗೆ ತಾಯಿತಂದೆ ವಾರಗಟ್ಟಲೆ ಕಾವಲು. ಹತ್ತಿರ ಬಂದ ಏನನ್ನಾದರೂ ಅವು ಎರಗಿ ಓಡಿಸುತ್ತವೆ. ಗಾಳದವನಿಗೆ ಈ ಸಿಟ್ಟು ಚೆನ್ನಾಗಿ ಗೊತ್ತು. ಹಿಂಡಿನ ಪಕ್ಕ ಕಪ್ಪೆ ಆಡಿಸಿದರೆ ಹಸಿವಿಲ್ಲದ ಮುರ್ಲವೂ ಬಾಯಿ ಹಾಕುತ್ತದೆ. ಆ ಒಂದು ಮೀನು ಹೋದರೆ ಕಾವಲು ತಪ್ಪಿದ ಇಡೀ ಹಿಂಡು ಬೇರೆ ಮೀನುಗಳ, ಹಕ್ಕಿಗಳ ಪಾಲು. ಹವ್ಯಾಸಿಗಳು ಏನೂ ಹಾಳುಮಾಡಲಿಲ್ಲ ಎಂದು ನಾನು ಹೇಳುತ್ತಿಲ್ಲ. ಆದರೆ ಗಾಳದಿಂದ ಒಂದು ಹಳ್ಳವನ್ನು ಬರಿದು ಮಾಡಲಾಗದು. ಅದಕ್ಕೆ ಬೇರೆಯೇ ಶಕ್ತಿಗಳು ಬೇಕು.

ಕಮಲಾಪುರದ ಸುತ್ತಿನ ನೆಲ ಬಸಾಲ್ಟ್ ಕಲ್ಲಿನದು, ಮೇಲೆ ಕೆಲವೆಡೆ ಕೆಂಪು ಮಣ್ಣು. ಇಲ್ಲಿನ ಹೆಸರಾಂತ ಕೆಂಪು ಬಾಳೆ ಬೆಳೆಯುವುದು ಆ ಮಣ್ಣಿನಲ್ಲಿ. ಮಳೆಗಾಲದಲ್ಲಿ ಬಂಡೆಯ ಬಿರುಕುಗಳಿಗೆ ಇಳಿದ ನೀರು ಮಳೆ ನಿಂತ ಮೇಲೂ ತಿಂಗಳುಗಟ್ಟಲೆ ಹಳ್ಳಕ್ಕೆ ಜಿನುಗುತ್ತಿರುತ್ತದೆ. ದೀಪಾವಳಿಯ ನಂತರ ಹಳ್ಳ ಹರಿಯುವುದು ಈ ಜಿನುಗಿನಿಂದಲೇ. ಅಂತರ್ಜಲದ ಮಟ್ಟ ಹಳ್ಳದ ತಳಕ್ಕಿಂತ ಮೇಲಿರುವವರೆಗೆ ನೆಲ ಹಳ್ಳಕ್ಕೆ ನೀರು ಕೊಡುತ್ತದೆ. ಬೋರ್‌ವೆಲ್‌ಗಳು ಆ ಮಟ್ಟವನ್ನು ಹಳ್ಳದ ತಳಕ್ಕಿಂತ ಕೆಳಗಿಳಿಸಿದ ದಿನ ದಿಕ್ಕು ತಿರುಗುತ್ತದೆ, ಹಳ್ಳದ ನೀರೇ ನೆಲಕ್ಕೆ ಇಳಿಯತೊಡಗುತ್ತದೆ. ಹರಿವು ಮೊದಲು ನಿಲ್ಲುತ್ತದೆ, ಆಮೇಲೆ ಮಡುಗಳು ಒಂದೊಂದಾಗಿ ಬತ್ತುತ್ತವೆ. ಬೇಸಿಗೆಯಲ್ಲಿ ಮೀನಿಗೆ ಉಳಿದ ಮನೆ ಮಡು ಮಾತ್ರ. ಹತ್ತು ಮಡುವಿನಲ್ಲಿ ಒಂದು ಉಳಿದರೂ ಮಿರಗದ ಮಳೆಗೆ ಅಲ್ಲಿಂದಲೇ ಹಳ್ಳವೆಲ್ಲ ಮತ್ತೆ ತುಂಬಿಕೊಳ್ಳುತ್ತಿತ್ತು. ಹತ್ತೂ ಬತ್ತಿದರೆ ಬಿತ್ತನೆಗೆ ಕಾಳೇ ಉಳಿಯಲಿಲ್ಲ. ಕೆಸರು ಹಸಿಯಾಗಿದ್ದರೆ ಮುರ್ಲ ಕಾಯಬಲ್ಲದು, ಒಣಗಿ ಬಾಯಿಬಿಟ್ಟ ಎರೆ ನೆಲದಲ್ಲಿ ಅದಕ್ಕೂ ಉಳಿಗಾಲವಿಲ್ಲ.

ಭೀಮೆಯಲ್ಲಿ ನಡೆದದ್ದು ಇದರದೇ ದೊಡ್ಡ ರೂಪ. ಸೋಲಾಪುರ ಜಿಲ್ಲೆಯಲ್ಲಿ 1980ರ ಹೊತ್ತಿಗೆ ಉಜನಿ ಅಣೆಕಟ್ಟು ಎದ್ದಿತು, ಸುಮಾರು 117 ಟಿಎಂಸಿ ನೀರಿನದು. ಅಫಜಲಪುರದ ಜನ ಬೇಸಿಗೆಯಲ್ಲಿ ಅಲ್ಲಿಂದ ನೀರು ಬಿಡಿಸಲು ಕೂಗುವ ಸ್ಥಿತಿ ಬಂತು. ಹೊಳೆಯ ಮರಳು ತೆಗೆದ ಕಡೆಗಳಲ್ಲಿ ಮಡುಗಳಿಗೆ ನೀರು ಹಿಡಿದುಕೊಡುತ್ತಿದ್ದ ತಳವೂ ಹೋಯಿತು. ಬಾಳಿಮೀನು ಮುಂಗಾರಿನ ಪ್ರವಾಹದ ಸುಳಿವು ಹಿಡಿದು ಮೇಲಕ್ಕೆ ಈಜಿ ಮೊಟ್ಟೆ ಇಡುವ ಬೇಟೆಗಾರ ಮೀನು. ಅದರ ದಾರಿಯಲ್ಲಿ ಈಗ ಬ್ಯಾರೇಜುಗಳ ಗೇಟುಗಳಿವೆ. ಪ್ರವಾಹ ಬರುವುದು ಮೇಲಿನ ಅಣೆಕಟ್ಟು ತುಂಬಿ ಹೆಚ್ಚಾದ ಮೇಲೆ, ಮಿರಗ ಕಳೆದು ಎಷ್ಟೋ ವಾರಗಳಿಗೆ. ಮೈಯ ಗಡಿಯಾರ ಒಂದು ಹೊತ್ತು ಹೇಳುತ್ತದೆ, ಹೊಳೆ ಇನ್ನೊಂದು. ಅಂತಾರಾಷ್ಟ್ರೀಯ ಪಟ್ಟಿಯಲ್ಲಿ ಬಾಳಿಮೀನು ಈಗ ಅಪಾಯಕ್ಕೆ ಸಿಲುಕಿದ ಜಾತಿ.

ಕಲಬುರಗಿ ನಗರದೊಳಗಿನ ಕತೆಯಲ್ಲಿ ಒಂದು ವಿಚಿತ್ರವಿದೆ. ಅಪ್ಪನ ಕೆರೆಯಂಥ ನಗರದ ಕೆರೆಗಳಿಗೆ ಕೊಳಚೆಯ ಕಾಟ ಎಲ್ಲರಿಗೂ ಗೊತ್ತು. ಕೊಳಚೆ ಸೇರಿದ ನೀರಿನಲ್ಲಿ ಪಾಚಿ ಹಬ್ಬುತ್ತದೆ, ರಾತ್ರಿ ಅದೇ ಪಾಚಿ ಆಮ್ಲಜನಕ ಎಳೆದುಕೊಳ್ಳುತ್ತದೆ, ನಸುಕಿನಲ್ಲಿ ಮೀನು ಸಾಯುತ್ತದೆ. ಆದರೆ ಮುರ್ಲ ಗಾಳಿ ಕುಡಿಯುವ ಮೀನು. ಇಷ್ಟಕ್ಕೇ ಅದು ಹೋಗಬೇಕಿರಲಿಲ್ಲ. ಅದನ್ನು ಹೊರಹಾಕುವುದು ನಾವು ಅಂದಗೊಳಿಸುವ ಕೆಲಸ. ಕೆರೆಯ ಸುತ್ತ ಕಲ್ಲು ಹೊದಿಸಿ, ನೇರ ಇಳಿಜಾರು ಮಾಡಿ, ಮೇಲೆ ವಾಕಿಂಗ್ ದಾರಿ ಹಾಕಿದರೆ ಮೊಣಕಾಲುದ್ದದ ಜೊಂಡಿನ ಅಂಚು ಇಲ್ಲವಾಗುತ್ತದೆ. ಗೂಡು ಕಟ್ಟಲು ಅದಕ್ಕೆ ಬೇಕಿದ್ದದ್ದು ಅದೊಂದೇ. ಜೊಂಡಿನ ಹಂಗಿಲ್ಲದ, ಬಾಯಲ್ಲೇ ಮರಿ ಸಾಕುವ ತಿಲಾಪಿಯಾ ಅಲ್ಲಿ ಹಬ್ಬುತ್ತದೆ. 1952ರಲ್ಲಿ ದೇಶಕ್ಕೆ ತಂದ ಆಫ್ರಿಕದ ಮೀನು ಅದು. ಕೆರೆ ಶುದ್ಧಗೊಳಿಸುವ ಯೋಜನೆಗಳಲ್ಲಿ ನೀರಿನ ಗುಣಮಟ್ಟದ ಬಗ್ಗೆ ಪುಟಗಟ್ಟಲೆ ಬರೆಯುತ್ತಾರೆ. ಅಂಚಿನ ಇಳಿಜಾರಿನ ಬಗ್ಗೆಯೂ ಒಂದು ಪುಟ ಬರೆಯಲಿ ಎಂಬುದು ನನ್ನ ಕಳಕಳಿ.

ಇಷ್ಟೆಲ್ಲ ಗೊತ್ತಿದ್ದ ಮೇಲೆ ಹಳಬರನ್ನು ಕೇಳುವ ಪ್ರಶ್ನೆಗಳೇ ಬದಲಾಗಬೇಕು. “ಎಷ್ಟು ದೊಡ್ಡ ಮೀನು ಹಿಡಿದಿದ್ದೆ ಮುತ್ಯಾ?” ಎಂದರೆ ಬದುಕಿನ ಅತಿ ದೊಡ್ಡ ಮೀನೇ ಬಾಯಿಗೆ ಬರುತ್ತದೆ, ನೆನಪು ಸರಾಸರಿಯನ್ನು ಇಟ್ಟುಕೊಳ್ಳುವುದಿಲ್ಲ. ಯಾವ ಮಡುವಿನಲ್ಲಿ, ಯಾವ ಮೀನು ಕೊನೆಯ ಸಲ ಸಿಕ್ಕಿತು ಎಂದು ಕೇಳಬೇಕು. ಇಸವಿ ಕೇಳಬಾರದು. ಬಹಳ ಮಂದಿಗೆ ಇಸವಿ ನೆನಪಿರುವುದಿಲ್ಲ, ಆದರೆ 1972ರ ಬರದ ಮೊದಲೋ ಆಮೇಲೋ, ಮಗಳ ಮದುವೆಯ ವರ್ಷವೋ, ಗಂಡೋರಿ ನಾಲಾಕ್ಕೆ ಕಟ್ಟೆ ಕಟ್ಟುವ ಹೊತ್ತಿಗೋ ಎಂದರೆ ಖಚಿತ ಉತ್ತರ ಬರುತ್ತದೆ. ಉದ್ದವನ್ನು ಗೇಣು, ಮೊಳದಲ್ಲಿ ತೋರಿಸಲು ಹೇಳಬೇಕು. ಮೀನಿನ ಹೆಸರು ಹೇಳಿದಾಗ ಹುರುಪೆ ಇತ್ತೆ, ಮೀಸೆ ಇತ್ತೆ, ಮುಳ್ಳು ಚುಚ್ಚಿದರೆ ಉರಿಯುತ್ತಿತ್ತೆ ಎಂದು ಕೇಳಿದರೆ ಚೇಳುಮೀನು ಯಾವುದು, ಬಾಳಿಮೀನು ಯಾವುದು ಎಂಬುದು ಬೇರೆಯಾಗುತ್ತದೆ. ಬೇರೆ ಬೇರೆ ಊರಿನ, ಪರಸ್ಪರ ಪರಿಚಯವಿಲ್ಲದ ಇಬ್ಬರು ಮೂವರು ಒಂದೇ ಮಡುವಿಗೆ ಒಂದೇ ಉತ್ತರ ಕೊಟ್ಟರೆ ಅದು ಕತೆಯ ಮಟ್ಟ ದಾಟಿ ದಾಖಲೆಯಾಗುತ್ತದೆ. ಗಾಲಿಬೋರೆಯ ಶಿಬಿರದವರಲ್ಲಿ ಪುಸ್ತಕವಿತ್ತು. ನಮ್ಮಲ್ಲಿರುವುದು ಎಪ್ಪತ್ತು, ಎಂಬತ್ತು ದಾಟಿದ ತಲೆಗಳು, ಅವರನ್ನು ಕೇಳಲು ಸಮಯ ಬಹಳ ಇಲ್ಲ.

ಶುರುಮಾಡಲು ಗಂಡೋರಿ ನಾಲಾದ ಹಿನ್ನೀರು ಒಳ್ಳೆಯ ಜಾಗ. ಮಳೆಗಾಲದಲ್ಲಿ ಜಲಾಶಯ ಏರುವಾಗ ಸುತ್ತಲಿನ ತಗ್ಗು ಹುಲ್ಲುನೆಲಕ್ಕೆ ನೀರು ನುಗ್ಗುತ್ತದೆ, ಮುರ್ಲಕ್ಕೆ ಬೇಕಾದ ಅಂಚು ಕೆಲವು ವಾರ ತಾನಾಗಿಯೇ ಒದಗುತ್ತದೆ. ಅಲ್ಲಿ ಆಗ ಕೆಂಪು ಮರಿಗಳ ಹಿಂಡು ಏಳುತ್ತದೆಯೇ, ಎದ್ದರೆ ಯಾವ ಕೊಲ್ಲಿಯಲ್ಲಿ, ಯಾವ ತಿಂಗಳಲ್ಲಿ ಎಂದು ದಂಡೆಯ ಊರಿನ ಶಾಲೆಯ ಮಕ್ಕಳು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಬಹುದು. ಹಿಂಡು ಕಂಡ ಕೊಲ್ಲಿಗೆ ಆ ವಾರಗಳ ಮಟ್ಟಿಗೆ ಬಲೆಯನ್ನೂ ಗಾಳವನ್ನೂ ಹಾಕದಿರಲು ಗುತ್ತಿಗೆದಾರರನ್ನು, ಸಂಘದವರನ್ನು ಒಪ್ಪಿಸಬಹುದು. ಮುರ್ಲ ಮಾರುಕಟ್ಟೆಯಲ್ಲಿ ಕಾಟ್ಲಾಕ್ಕಿಂತ ಹೆಚ್ಚಿನ ಬೆಲೆಗೆ ಹೋಗುವ ಮೀನು, ಹಾಗಾಗಿ ಅವರಿಗೂ ಇದರಲ್ಲಿ ನಷ್ಟವಿಲ್ಲ.